ಉಡುಪಿನ ಬಣ್ಣ ಹಾಗೇ ಇದೆ, ಮುಖ ಮಾತ್ರ ಮಾಸಿದ್ದೇಕೆ?

ಪ್ರಶ್ನೆ: ನಾವು ಮೂಲತಃ ಮಂಗಳೂರಿನವರು. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಹಳ್ಳಿಯಲ್ಲಿ 14 ವರ್ಷದಿಂದ ಇದ್ದೇವೆ. ಇಲ್ಲಿನ ಚರ್ಚಿನ ಕಟ್ಟಡ ನೋಡಿಕೊಳ್ಳುವ ಸಮಿತಿಗೆ ಹೋದ ವರ್ಷ ನನ್ನನ್ನೂ ಸೇರಿಸಿಕೊಂಡರು. ದಕ್ಷಿಣದ ಗೋಡೆಯಲ್ಲಿ ಮೂರು ಅಂಕಣದ ಬಣ್ಣದ ಗಾಜಿನ ಕಿಟಕಿ ಇದೆ. ಕೆಳಗೆ 1871 ಎಂದು ಬರೆದಿದೆ. ಎಡಕ್ಕೆ ಕುರಿಯನ್ನು ಹೆಗಲ ಮೇಲೆ ಹೊತ್ತ ಕುರುಬ, ನಡುವೆ ಗಾಯಗೊಂಡವನಿಗೆ ಆರೈಕೆ ಮಾಡುವ, ಬೈಬಲ್ ಕಥೆಯ ಸಮಾರ್ಯದವನು, ಬಲಕ್ಕೆ ಮನೆಗೆ ಮರಳಿದ ಮಗನನ್ನು ತಬ್ಬಿಕೊಂಡ ತಂದೆ. ಉಡುಪುಗಳ ಕೆಂಪು, ನೀಲಿ ನಿನ್ನೆ ಮಾಡಿದ ಹಾಗಿವೆ. ಆದರೆ ಮುಖಗಳು ಅಳಿಸಿಹೋಗುತ್ತಿವೆ. ಸಮಾರ್ಯದವನ ಕಣ್ಣು, ಗಡ್ಡ ಈಗ ಹುಡುಕಿದರೂ ಸಿಗುವುದಿಲ್ಲ. ನಡುವಿನ ಅಂಕಣದ ಕೆಳಭಾಗ ಒಳಗಡೆಗೆ ಸುಮಾರು 2 ಸೆಂಟಿಮೀಟರ್ ಉಬ್ಬಿದೆ. ಗಾಜು ನಿಧಾನವಾಗಿ ಹರಿಯುವ ದ್ರವ, ಅದಕ್ಕೇ ಹೀಗೆ ಎನ್ನುತ್ತಾರೆ ಒಬ್ಬರು. ಸಭೆಯಲ್ಲಿರುವ ಚಿತ್ರಕಾರರೊಬ್ಬರು ಮುಖಗಳನ್ನು ಮತ್ತೆ ಬರೆದುಕೊಡಲು ಮುಂದೆ ಬಂದಿದ್ದಾರೆ. ಹೊರಗಡೆ ಹುಡುಗರು ಚೆಂಡಾಡುವುದರಿಂದ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ ಹೊಡೆಸೋಣ ಎನ್ನುವವರೂ ಇದ್ದಾರೆ. ಚಳಿಗಾಲದ ಭಾನುವಾರಗಳಲ್ಲಿ ಗ್ಯಾಸ್ ಹೀಟರ್ ಹಚ್ಚಿದಾಗ ಗಾಜಿನ ಮೇಲೆ ನೀರು ಧಾರೆಯಾಗಿ ಇಳಿಯುತ್ತದೆ. ಏನು ಮಾಡಬೇಕು?

ಉತ್ತರ: ನಿಮ್ಮ ಫೋಟೋಗಳನ್ನು ಎರಡು ಮೂರು ಸಲ ದೊಡ್ಡದು ಮಾಡಿ ನೋಡಿದೆ. ಮುಖಗಳು ಪೂರ್ತಿ ಹೋಗಿಬಿಡುತ್ತವೇನೋ, ಉಬ್ಬಿದ ಭಾಗ ಒಂದು ದಿನ ಕಳಚಿ ಬೀಳುತ್ತದೇನೋ ಎಂಬ ಎರಡು ಭಯ ನಿಮ್ಮ ಪತ್ರದಲ್ಲಿ ಕಾಣುತ್ತವೆ. ಎರಡೂ ನಿಜವಾದ ತೊಂದರೆಗಳೇ. ಎರಡಕ್ಕೂ ದಾರಿ ಇದೆ, ಗಡಿಬಿಡಿ ಬೇಕಿಲ್ಲ. ಆದರೆ ಒಂದು ವಿಷಯಕ್ಕೆ ಮಾತ್ರ ತಡಮಾಡಬೇಡಿ. ಮುಖ ಬರೆದುಕೊಡುತ್ತೇನೆ ಎಂದ ಆ ಚಿತ್ರಕಾರರನ್ನು ಈ ವಾರವೇ ತಡೆಯಿರಿ. ಅವರ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನ ಇಲ್ಲ. ಅವರಿಗೆ ಬೇರೆ ಒಂದು ಕೆಲಸ ಇದೆ, ಮುಂದೆ ಹೇಳುತ್ತೇನೆ.

ಉಡುಪು ಹೊಳೆಯುತ್ತಿದೆ, ಮುಖ ಮಾಸಿದೆ ಎಂದಿರಲ್ಲ, ಅದೇ ಈ ಕಿಟಕಿಯ ಕಾಯಿಲೆಯ ಗುರುತು. ಬಣ್ಣದ ಗಾಜಿನ ಕಿಟಕಿ ಎಂದರೆ ಬಿಳಿ ಗಾಜಿನ ಮೇಲೆ ಬಣ್ಣ ಬಳಿದದ್ದು ಎಂದು ತುಂಬಾ ಜನ ತಿಳಿದಿರುತ್ತಾರೆ. ಹಾಗಲ್ಲ. ಆ ನೀಲಿ ಗಾಜು ಒಳಗೂ ಹೊರಗೂ ನೀಲಿಯೇ. ಗಾಜು ಕರಗಿಸುವಾಗಲೇ ಕೋಬಾಲ್ಟ್ ಹಾಕಿರುತ್ತಾರೆ. ನೇರಳೆಗೆ ಮ್ಯಾಂಗನೀಸ್. ಕೆಂಪಿಗೆ ತಾಮ್ರ ಹಾಕಿದರೆ ಗಾಜು ಬಹುತೇಕ ಕಪ್ಪಾಗಿಬಿಡುತ್ತದೆ, ಬೆಳಕೇ ಬರುವುದಿಲ್ಲ. ಅದಕ್ಕೆ ಬಿಳಿ ಗಾಜಿನ ಮೇಲೆ ತೆಳ್ಳಗೆ ಒಂದು ಪದರ ಕೆಂಪು ಗಾಜನ್ನು ಕೂಡಿಸುತ್ತಾರೆ. ಇಂಥ ಬಣ್ಣವನ್ನು ಯಾವ ಬಿಸಿಲೂ ಯಾವ ಮಳೆಯೂ ಅಳಿಸಲಾರದು.

ಮುಖದ ಕಥೆ ಬೇರೆ. ಮುಖ, ಕೈ, ಕಾಲು ಎಲ್ಲ ಬಿಳಿ ಅಥವಾ ತೆಳು ಗುಲಾಬಿ ಗಾಜು. ಕಣ್ಣು, ಮೂಗು, ಗಡ್ಡದ ಗೆರೆಗಳೆಲ್ಲ ಅದರ ಮೇಲೆ ಕುಂಚದಿಂದ ಬರೆದವು. ಆ ಬಣ್ಣ ಕಬ್ಬಿಣದ ಅಥವಾ ತಾಮ್ರದ ಆಕ್ಸೈಡ್ ಮತ್ತು ನುಣ್ಣಗೆ ಅರೆದ ಗಾಜಿನ ಪುಡಿ ಸೇರಿಸಿದ್ದು. ಬರೆದ ಮೇಲೆ 600ರಿಂದ 700 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಕುಲುಮೆಯಲ್ಲಿ ಸುಡಬೇಕು. ಆಗ ಪುಡಿ ಕರಗಿ ಕೆಳಗಿನ ಗಾಜಿನೊಂದಿಗೆ ಒಂದಾಗುತ್ತದೆ. ಸರಿಯಾಗಿ ಸುಟ್ಟರೆ ನೂರಾರು ವರ್ಷ ಬಾಳುತ್ತದೆ. ಮಧ್ಯಯುಗದ ಎಷ್ಟೋ ಮುಖಗಳು ಇವತ್ತೂ ಚೆನ್ನಾಗಿಯೇ ಇವೆ.

ಇನ್ನೊಂದು ಸಂಗತಿ ಗಮನಿಸಿದ್ದೀರಾ? ನಿಮ್ಮ ಫೋಟೋದಲ್ಲಿ ಕುರುಬನ ಮುಖ ಮಾಸಿದೆ, ಆದರೆ ತಲೆಯ ಹಿಂದಿನ ಪ್ರಭೆಯ ಹಳದಿ ಹಾಗೇ ಇದೆ. ಅದು ಬೆಳ್ಳಿಯಿಂದ ಬಂದ ಹಳದಿ. ಬೆಳ್ಳಿಯ ಲವಣವನ್ನು ಸಾಮಾನ್ಯವಾಗಿ ಗಾಜಿನ ಹೊರಮೈಗೆ ಹಚ್ಚಿ ಸುಡುತ್ತಾರೆ. ಬೆಳ್ಳಿ ಗಾಜಿನ ಒಳಕ್ಕೇ ಇಳಿಯುತ್ತದೆ. ಮೇಲೆ ಕೂತಿಲ್ಲದ್ದನ್ನು ತೊಳೆಯಲು ಆಗುವುದಿಲ್ಲ, ಅಲ್ವಾ? ಅಂದರೆ ನಿಮ್ಮ ಕಿಟಕಿಯಲ್ಲಿ ಹೋಗುತ್ತಿರುವುದು ಮೇಲೆ ಕೂತ ಬಣ್ಣ ಮಾತ್ರ.

ಹಾಗಾದರೆ ಮಧ್ಯಯುಗದ ಮುಖ ಉಳಿದು ವಿಕ್ಟೋರಿಯಾ ಕಾಲದ್ದು ಏಕೆ ಹೋಗಬೇಕು? ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ಸುಂಕ 1845ರಲ್ಲಿ ಹೋಯಿತು, ಕಿಟಕಿ ತೆರಿಗೆ 1851ರಲ್ಲಿ. ಅದೇ ಹೊತ್ತಿಗೆ ಹೊಸ ಚರ್ಚುಗಳು ಏಳುತ್ತಿದ್ದವು, ಹಳೆಯವು ದುರಸ್ತಿಯಾಗುತ್ತಿದ್ದವು. ತೀರಿಕೊಂಡವರ ನೆನಪಿಗೆ ಕಿಟಕಿ ಮಾಡಿಸುವ ರೂಢಿ ಬೆಳೆಯಿತು. ಕಾರ್ಖಾನೆಗಳಿಗೆ ಕೈತುಂಬ ಕೆಲಸ. ಆಗ ಬಣ್ಣದ ಪುಡಿಗೆ ಬೊರಾಕ್ಸ್ ಸೇರಿಸಲು ಶುರುಮಾಡಿದರು. ನಮ್ಮ ಅಕ್ಕಸಾಲಿಗರು ಬೆಸುಗೆ ಹಾಕುವಾಗ ಬಳಸುವ ಬಿಳಿಗಾರ ಇದೆಯಲ್ಲ, ಅದೇ. ಅದನ್ನು ಸೇರಿಸಿದರೆ ಪುಡಿ ಕಡಿಮೆ ಶಾಖದಲ್ಲೇ ಕರಗುತ್ತದೆ. ಕುಂಚದ ಕೆಲಸವೂ ಸಲೀಸು. ಕುಲುಮೆಯಿಂದ ತೆಗೆದ ದಿನ ಮುಖ ಅದ್ಭುತವಾಗಿಯೇ ಕಂಡಿರುತ್ತದೆ. ಆದರೆ ಬಿಳಿಗಾರ ಜಾಸ್ತಿ ಇರುವ ಗಾಜು ನೀರಿಗೆ ತಡೆಯುವುದಿಲ್ಲ. ತೇವ ತಗುಲಿದಷ್ಟೂ ಸವೆಯುತ್ತದೆ, ಅದರ ಜೊತೆ ಗೆರೆಯೂ ಹೋಗುತ್ತದೆ. 1860 ಮತ್ತು 70ರ ದಶಕದ ಕಿಟಕಿಗಳಲ್ಲಿ ಈ ತೊಂದರೆ ಎದ್ದು ಕಾಣುತ್ತದೆ. ವಿಲಿಯಂ ಮಾರಿಸ್ ಅವರ ಕಂಪನಿಯಂಥ ಹೆಸರಾಂತ ಕಡೆಯ ಕಿಟಕಿಗಳೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ನಿಮ್ಮದು 1871. ಪ್ರಯೋಗಾಲಯದಲ್ಲಿ ನೋಡದೆ ಖಚಿತವಾಗಿ ಹೇಳಬಾರದು, ಆದರೆ ಗುರುತುಗಳೆಲ್ಲ ಅತ್ತಲೇ ಬೆರಳು ತೋರಿಸುತ್ತಿವೆ.

ಈಗ ನಿಮ್ಮ ಗ್ಯಾಸ್ ಹೀಟರಿಗೆ ಬರೋಣ. ಇಡೀ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಹೊಗೆ ಕೊಳವೆ ಇಲ್ಲದ ಹೀಟರಿನಲ್ಲಿ 1 ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರು ಆವಿಯಾಗಿ ಚರ್ಚಿನೊಳಗೇ ಸೇರುತ್ತದೆ. ಜೊತೆಗೆ ಅಷ್ಟೊಂದು ಜನರ ಉಸಿರು. ಚಳಿಯ ಬೆಳಿಗ್ಗೆ ಕುಕ್ಕರ್ ಕೂಗಿದ ಮೇಲೆ ಅಡುಗೆಮನೆಯ ಗಾಜು ಹೇಗಾಗುತ್ತದೆ, ಹಾಗೆಯೇ. ವಾರವಿಡೀ ತಣ್ಣಗಿದ್ದ ಗಾಜಿಗೆ ಭಾನುವಾರ ಎರಡೇ ಗಂಟೆಯಲ್ಲಿ ಬಿಸಿ ಗಾಳಿ ಬಡಿಯುತ್ತದೆ. ಆವಿ ನೀರಾಗಿ ಒಳಮೈ ಮೇಲೆ ಇಳಿಯುತ್ತದೆ. ಮುಖ ಬರೆದಿರುವುದೂ ಒಳಮೈ ಮೇಲೆಯೇ. ಮಳೆ ಹೊರಗಿನಿಂದ ಮಾಡದ ಹಾನಿಯನ್ನು ಈ ನೀರು ಒಳಗಿನಿಂದ ಮಾಡುತ್ತಿದೆ.

ಆದ್ದರಿಂದ ಮೊದಲ ಚಿಕಿತ್ಸೆ ಆ ಹೀಟರುಗಳಿಗೆ. ಅವನ್ನು ನಿಲ್ಲಿಸಿ, ವಿದ್ಯುತ್ತಿನ ಬಿಸಿಗೆ ಬದಲಾಯಿಸಲು ಸಮಿತಿಯಲ್ಲಿ ಒತ್ತಾಯ ಮಾಡಿ. ಕುಳಿತುಕೊಳ್ಳುವ ಬೆಂಚಿನ ಕೆಳಗೆ ಹಾಕುವ ವಿದ್ಯುತ್ ಹೀಟರುಗಳು ಜನರನ್ನು ಬೆಚ್ಚಗಿಡುತ್ತವೆ, ಆವಿ ಹುಟ್ಟಿಸುವುದಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಅರ್ಧ ಗಂಟೆ ಬಾಗಿಲು ತೆರೆದಿಡಿ. ಇದಕ್ಕೆ ತಜ್ಞರೇನೂ ಬೇಕಿಲ್ಲ.

ಇನ್ನು ಉಬ್ಬು. ಗಾಜು ಹರಿಯುತ್ತದೆ ಎಂಬ ಮಾತು ನಾನು ಹೋದಲ್ಲೆಲ್ಲ ಕೇಳಿದ್ದೇನೆ. ಶಾಲೆಯಲ್ಲೂ ಕೆಲವರು ಹೀಗೇ ಹೇಳಿಕೊಡುತ್ತಾರೆ. ಅದು ಸುಳ್ಳು. ಕೋಣೆಯ ಶಾಖದಲ್ಲಿ ಗಾಜು ಗಟ್ಟಿಯೇ. ಕಣ್ಣಿಗೆ ಕಾಣುವಷ್ಟು ಹರಿಯಬೇಕಾದರೆ ಈ ವಿಶ್ವದ ವಯಸ್ಸೂ ಸಾಲದು. ಹಳೆಯ ಮನೆಗಳ ಕಿಟಕಿ ಗಾಜು ಕೆಳಗೆ ದಪ್ಪ ಇರುವುದನ್ನು ನೋಡಿ ಈ ನಂಬಿಕೆ ಹುಟ್ಟಿತು. ಆಗ ಕರಗಿದ ಗಾಜನ್ನು ಊದಿ, ಗರಗರ ತಿರುಗಿಸಿ ತಟ್ಟೆಯಂತೆ ಹರಡುತ್ತಿದ್ದರು. ಆ ತಟ್ಟೆ ಎಲ್ಲ ಕಡೆ ಒಂದೇ ದಪ್ಪ ಬರುತ್ತಿರಲಿಲ್ಲ. ಕೂರಿಸುವವರು ದಪ್ಪ ಅಂಚನ್ನು ಹೆಚ್ಚಾಗಿ ಕೆಳಗಿಟ್ಟರು, ಅಷ್ಟೇ. ದಪ್ಪ ಅಂಚು ಮೇಲಿರುವ ಗಾಜುಗಳೂ ಸಿಗುತ್ತವೆ.

ನಿಮ್ಮ ಕಿಟಕಿಯಲ್ಲಿ ಬಾಗಿರುವುದು ಸೀಸ. ಗಾಜಿನ ತುಂಡುಗಳನ್ನು ಹಿಡಿದಿರುವ ಸೀಸದ ಪಟ್ಟಿಗಳು ಮೆತ್ತಗಿನ ಲೋಹ. ದಕ್ಷಿಣದ ಗೋಡೆಗೆ ಬಿಸಿಲು ಜಾಸ್ತಿ. ಶಾಖ 30 ಡಿಗ್ರಿ ಏರಿದರೆ 1 ಮೀಟರ್ ಸೀಸ ಹತ್ತಿರ ಹತ್ತಿರ 0.9 ಮಿಲಿಮೀಟರ್ ಹಿಗ್ಗುತ್ತದೆ, ಅಷ್ಟೇ ಉದ್ದದ ಗಾಜು 0.3 ಮಿಲಿಮೀಟರನ್ನೂ ದಾಟುವುದಿಲ್ಲ. ಹಿಗ್ಗಿದ ಸೀಸ ತಣ್ಣಗಾದಾಗ ಪೂರ್ತಿ ಮೊದಲಿನ ಜಾಗಕ್ಕೆ ಮರಳುವುದಿಲ್ಲ. 150 ಬೇಸಿಗೆ ಹೀಗೆ ಕಳೆದಿವೆ. ಪಟ್ಟಿಯೊಳಗೆ ತುಂಬಿದ ಅಗಸೆ ಎಣ್ಣೆ, ಸೀಮೆಸುಣ್ಣದ ಗಾರೆ ಒಣಗಿ ಉದುರಿದೆ. ಮೇಲಿನ ಗಾಜಿನ ಭಾರವೆಲ್ಲ ಕೆಳಗಿನ ಭಾಗದ ಮೇಲೆ ಬಂದು ಕೂತಿದೆ.

ನಿಮ್ಮ ಮೂರನೇ ಫೋಟೋದಲ್ಲಿ ಇನ್ನೊಂದು ಕಾರಣವೂ ಕಾಣುತ್ತದೆ. ಕಿಟಕಿಗೆ ಅಡ್ಡಲಾಗಿ ಕಬ್ಬಿಣದ ಸಲಾಕೆಗಳಿವೆ. ಸೀಸಕ್ಕೆ ಬೆಸೆದ ತಾಮ್ರದ ತಂತಿಗಳನ್ನು ಆ ಸಲಾಕೆಗೆ ಸುತ್ತಿರುತ್ತಾರೆ. ಗಾಳಿ ಬೀಸಿದಾಗ ಕಿಟಕಿಯನ್ನು ಹಿಡಿದು ನಿಲ್ಲಿಸುವುದು ಆ ತಂತಿಗಳೇ. ಉಬ್ಬಿರುವ ಕಡೆ ನಾಲ್ಕು ತಂತಿಗಳಲ್ಲಿ ಮೂರು ಕಡಿದಿವೆ. ಸಲಾಕೆಯ ತುದಿ ಕಲ್ಲಿಗೆ ಸೇರುವಲ್ಲಿ ಬಿರುಕು ಬಿಟ್ಟಿದೆ. ಕಬ್ಬಿಣ ತುಕ್ಕು ಹಿಡಿದರೆ ಊದಿಕೊಂಡು ಕಲ್ಲನ್ನೇ ಸೀಳುತ್ತದೆ. ಕರಾವಳಿಯ ಹಳೆಯ ತಾರಸಿಗಳಲ್ಲಿ ಒಳಗಿನ ಸರಳು ತುಕ್ಕು ಹಿಡಿದು ಗಾರೆ ಉದುರುವುದನ್ನು ನೀವು ನೋಡಿರುತ್ತೀರಿ.

2 ಸೆಂಟಿಮೀಟರ್ ಉಬ್ಬು ಎಂದರೆ ನಾಳೆ ಬೀಳುತ್ತದೆ ಎಂದಲ್ಲ. ಉಬ್ಬು ಅಲ್ಲಾಡದೆ ನಿಂತಿದೆಯೋ, ಬೆಳೆಯುತ್ತಿದೆಯೋ ಎಂಬುದೇ ಮುಖ್ಯ. ಸಲಾಕೆಗೂ ಗಾಜಿಗೂ ನಡುವಿನ ಅಂತರವನ್ನು ಒಂದೇ ಜಾಗದಲ್ಲಿ ಬೇಸಿಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಅಳೆದು ದಿನಾಂಕ ಹಾಕಿ ಬರೆದಿಡಿ. ಗಾಜು ಒಡೆದಿಲ್ಲದಿದ್ದರೆ, ಸೀಸ ಬಿರಿದಿಲ್ಲದಿದ್ದರೆ, ಗಾಳಿಗೆ ಪಟಪಟ ಸದ್ದು ಬರದಿದ್ದರೆ ಹೊಸ ತಂತಿ ಬೆಸೆದು ಸಲಾಕೆಗೆ ಕಟ್ಟಿದರೂ ಸಾಕಾಗಬಹುದು. ಆದರೆ ನಿಮ್ಮಲ್ಲಿ ತಂತಿ ಕಡಿದಿದೆ, ಕಲ್ಲೂ ಬಿರುಕು ಬಿಟ್ಟಿದೆ. ಹಾಗಾಗಿ ಆ ಒಂದು ಭಾಗವನ್ನು ಬಿಚ್ಚಿ ಕಾರ್ಯಾಗಾರಕ್ಕೆ ಒಯ್ಯಬೇಕಾಗುತ್ತದೆ ಎಂದು ನನಗನ್ನಿಸುತ್ತದೆ. ಅಲ್ಲಿ ಅದನ್ನು ಮಟ್ಟಸ ಮೇಜಿನ ಮೇಲೆ ಮಲಗಿಸಿ, ಹಗುರ ಭಾರ ಇಟ್ಟು ದಿನಗಟ್ಟಲೆ ಬಿಟ್ಟು ನಿಧಾನವಾಗಿ ಚಪ್ಪಟೆ ಮಾಡುತ್ತಾರೆ. ನಿಂತ ಜಾಗದಲ್ಲೇ ಕೈಯಿಂದ ಒತ್ತಿ ಸರಿಮಾಡಲು ಯಾರಿಗೂ ಬಿಡಬೇಡಿ, ಗಾಜು ಚಟಕ್ಕನೆ ಸೀಳುತ್ತದೆ. ಮೂರೂ ಅಂಕಣಕ್ಕೆ ಹೊಸ ಸೀಸ ಹಾಕಿಸಿ ಎಂದು ಯಾರಾದರೂ ಹೇಳಿದರೆ ಎರಡನೆಯ ಅಭಿಪ್ರಾಯ ಕೇಳಿ. ಪ್ರತಿ ತುಂಡನ್ನೂ ಬಿಡಿಸಬೇಕಾಗುತ್ತದೆ. ಮುಖದ ಬಣ್ಣ ಇಷ್ಟು ಸಡಿಲವಾಗಿರುವಾಗ ಅದರಲ್ಲಿ ಅಪಾಯ ದೊಡ್ಡದು. ಅಲ್ಲದೆ ಆ ಸೀಸವೂ 1871ರದ್ದೇ, ಅದಕ್ಕೂ ಬೆಲೆ ಇದೆ.

ಮುಖಗಳ ವಿಷಯ. ಇಲ್ಲಿ ಮೂರು ದಾರಿಗಳ ಮಾತು ಕೇಳಿಬರುತ್ತದೆ. ಕುಲುಮೆಯಲ್ಲಿ ಸುಡದೆ ಹಾಗೇ ಎನಾಮೆಲ್‌ನಿಂದ ಬರೆಯುವುದು ಒಂದು. ಕೆಲವೇ ಚಳಿಗಾಲದಲ್ಲಿ ಅದು ಸಿಪ್ಪೆ ಏಳುತ್ತದೆ, ಏಳುವಾಗ ಕೆಳಗೆ ಉಳಿದಿದ್ದ ಮೂಲ ಗೆರೆಯನ್ನೂ ಎಳೆದುಕೊಂಡು ಬರುತ್ತದೆ. ಮೂಲ ಗಾಜಿನ ಮೇಲೆಯೇ ಮತ್ತೆ ಬರೆದು ಸುಡುವುದು ಇನ್ನೊಂದು. ಹಿಂದಿನ ತಲೆಮಾರಿನಲ್ಲಿ ಇದನ್ನು ಮಾಡಿದ್ದಾರೆ. ಹಳೆಯ ಗಾಜು ಕುಲುಮೆಯಲ್ಲಿ ಒಡೆಯಬಹುದು, ಹಳೆಯ ಬಣ್ಣ ಗುಳ್ಳೆ ಏಳಬಹುದು. ಚೆನ್ನಾಗಿ ಬಂದರೂ 1871ರ ಆ ಕೈಬರಹ ಹೊಸ ಗೆರೆಯ ಅಡಿಯಲ್ಲಿ ಶಾಶ್ವತವಾಗಿ ಹೂತುಹೋಗುತ್ತದೆ. ಎರಡನ್ನೂ ನಾನು ಒಪ್ಪುವುದಿಲ್ಲ.

ಮೂರನೆಯದು ಹಿಂಬದಿಯ ಗಾಜು. ತೆಳ್ಳನೆಯ ಬಿಳಿ ಗಾಜನ್ನು ಮುಖದ ಆಕಾರಕ್ಕೇ ಕತ್ತರಿಸಿ, ಹೋಗಿರುವ ಗೆರೆಗಳನ್ನಷ್ಟೇ ಅದರ ಮೇಲೆ ಬರೆದು ಸುಟ್ಟು, ಮೂಲ ಗಾಜಿನ ಹಿಂದೆ ಕೂರಿಸುತ್ತಾರೆ. ಒಳಗಿನಿಂದ ನೋಡುವವರಿಗೆ ಎರಡೂ ಸೇರಿ ಒಂದೇ ಮುಖವಾಗಿ ಕಾಣುತ್ತದೆ. ಮೂಲಕ್ಕೆ ಒಂದು ಚುಕ್ಕೆ ಬಣ್ಣವೂ ತಾಗುವುದಿಲ್ಲ. ನಾಳೆ ಬೇಡವೆನಿಸಿದರೆ ತೆಗೆಯಬಹುದು. ತೊಂದರೆ ಇಲ್ಲವೆಂದಲ್ಲ. ಭಾರ ಹೆಚ್ಚುತ್ತದೆ, ಎರಡು ಗಾಜಿನ ನಡುವೆ ತೇವ ಸೇರದಂತೆ ಅಂಚನ್ನು ಮುಚ್ಚಬೇಕು, ಓರೆಯಾಗಿ ನೋಡಿದರೆ ಗೆರೆ ಎರಡಾಗಿ ಕಾಣಬಹುದು. ಆದರೂ ನನ್ನ ಆಯ್ಕೆ ಇದೇ.

ಹೋದ ಗೆರೆ ಎಲ್ಲಿತ್ತು ಎಂದು ತಿಳಿಯುವುದು ಹೇಗೆ? ಇಲ್ಲಿಯೇ ನಿಮ್ಮ ಚಿತ್ರಕಾರರು ಬೇಕು. ಬಣ್ಣ ಉದುರಿದರೂ ಅದು ಇದ್ದ ಜಾಗದಲ್ಲಿ ಗಾಜಿನ ಮೈ ಸ್ವಲ್ಪ ಬೇರೆಯಾಗಿ ಉಳಿದಿರುತ್ತದೆ. ಸಂಜೆ ಕತ್ತಲಾದ ಮೇಲೆ ಟಾರ್ಚ್ ಬೆಳಕನ್ನು ಗಾಜಿಗೆ ಓರೆಯಾಗಿ ಬಿಟ್ಟು ನೋಡಿದರೆ ಕಣ್ಣಿನ ರೆಪ್ಪೆ, ಗಡ್ಡದ ಎಳೆ ಮಸುಕಾಗಿ ಮೂಡುತ್ತವೆ. ಅದನ್ನು ಮೊದಲ ಸಲ ಕಂಡವರು ಉಸಿರು ಬಿಗಿಹಿಡಿದು ನಿಂತುಬಿಡುತ್ತಾರೆ. ಗಾಜನ್ನು ಮುಟ್ಟದೆ, ಕಾಗದದ ಮೇಲೆ ಆ ಗೆರೆಗಳನ್ನು ಬರೆದಿಡಲು ಒಳ್ಳೆಯ ಕೈ ಬೇಕು. ಜೊತೆಗೆ ಊರಿನ ಹಿರಿಯರ ಮನೆಗಳಲ್ಲಿ ಹಳೆಯ ಮದುವೆ, ದೀಕ್ಷಾಸ್ನಾನದ ಫೋಟೋ ಕೇಳಿ. ಮದುಮಕ್ಕಳ ಹಿಂದೆ ಈ ಕಿಟಕಿ ಬಂದಿರುವ ಒಂದು ಫೋಟೋ ಸಿಕ್ಕರೆ ಸಾಕು, ಅರ್ಧ ಕೆಲಸ ಆದ ಹಾಗೆ. ಮಾಡಿದ ಕಾರ್ಖಾನೆ ಯಾವುದೆಂದು ಗೊತ್ತಾದರೂ ಸಹಾಯ. ಆಗಿನವರು ಒಂದೇ ನಕ್ಷೆಯನ್ನು ಬೇರೆ ಬೇರೆ ಚರ್ಚುಗಳಿಗೆ ಮತ್ತೆ ಮತ್ತೆ ಬಳಸುತ್ತಿದ್ದರು. ನಿಮ್ಮ ಸಮಾರ್ಯದವನ ಮುಖ ಇನ್ನೊಂದು ಊರಿನಲ್ಲಿ ಗಟ್ಟಿಯಾಗಿ ಉಳಿದಿರಬಹುದು.

ಸ್ವಚ್ಛ ಮಾಡುವ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಚರ್ಚಿಗೆ ಹೋಗಿದ್ದೆ. ಹಬ್ಬಕ್ಕೆಂದು ಅಲ್ಲಿನವರು ಕಿಟಕಿಯನ್ನು ಸೋಪು ನೀರಲ್ಲಿ ತೊಳೆದಿದ್ದರು. ಬಟ್ಟೆಯಲ್ಲಿ ಕಂದು ಬಣ್ಣ ಬಂತು, ಎಷ್ಟು ಕೊಳೆ ಇತ್ತು ನೋಡಿ ಎಂದು ಸಂತೋಷದಿಂದ ತೋರಿಸಿದರು. ಅದು ಕೊಳೆಯಾಗಿರಲಿಲ್ಲ. ಒಬ್ಬ ದೇವದೂತನ ಮುಖವಾಗಿತ್ತು. ಇಷ್ಟು ವರ್ಷವಾದರೂ ಆ ಬಟ್ಟೆ ನನ್ನ ಕಣ್ಣ ಮುಂದಿದೆ. ನಿಮ್ಮ ಕಿಟಕಿಯ ಒಳಮೈಯನ್ನು ಒದ್ದೆ ಬಟ್ಟೆಯಿಂದಲೂ ಒರೆಸಬೇಡಿ. ಜೇಡರ ಬಲೆ ಕಂಡರೂ ಸುಮ್ನೆ ಇರಲಿ ಬಿಡಿ. ಸೀಸದ ಮೇಲೆ ಬಿಳಿ ಪುಡಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಅದು ವಿಷ. ಮಕ್ಕಳನ್ನು ದೂರ ಇಡಿ.

ಪಾಲಿಕಾರ್ಬೊನೇಟ್ ಬೇಡ. ಹೊರಗಿನಿಂದ ಬಿಗಿಯಾಗಿ ಹೊಡೆದರೆ ನಡುವೆ ಬಿಸಿಯೂ ತೇವವೂ ಸಿಕ್ಕಿಕೊಳ್ಳುತ್ತವೆ. ದಕ್ಷಿಣದ ಬಿಸಿಲಿಗೆ ಸೀಸ ಇನ್ನಷ್ಟು ಬಾಗುತ್ತದೆ. ಹಾಳೆ ಬರಬರುತ್ತಾ ಹಳದಿಯಾಗಿ ಮಂಕಾಗುತ್ತದೆ. ಚೆಂಡಿನ ಭಯಕ್ಕೆ ಕಪ್ಪು ಲೇಪದ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿ ಸಾಕು. ಪ್ರತಿ ಅಂಕಣದ ಆಕಾರಕ್ಕೆ ಬೇರೆ ಬೇರೆಯಾಗಿ ಕತ್ತರಿಸಿ, ಕಲ್ಲಿಗೆ ತೂತು ಕೊರೆಯದೆ ಕಲ್ಲುಗಳ ನಡುವಿನ ಗಾರೆಗೆ ಕೂರಿಸಲು ಹೇಳಿ. ದೂರದಿಂದ ಅದು ಕಣ್ಣಿಗೆ ಬೀಳುವುದೇ ಇಲ್ಲ.

ಇದಕ್ಕಿಂತ ಮುಂದೆ ಹೋದರೆ ಗಾಳಿಯಾಡುವ ರಕ್ಷಣಾ ಗಾಜು ಎಂಬ ಏರ್ಪಾಡಿದೆ. ಕಲ್ಲಿನಲ್ಲಿ ಮೂಲ ಕಿಟಕಿ ಕೂತಿದ್ದ ತೋಡಿನಲ್ಲಿ ಹೊಸ ಗಾಜು ಕೂರಿಸಿ, ಮೂಲ ಕಿಟಕಿಯನ್ನು ಚೌಕಟ್ಟಿಗೆ ಹಾಕಿ ಕೆಲವು ಸೆಂಟಿಮೀಟರ್ ಒಳಗೆ ನಿಲ್ಲಿಸುತ್ತಾರೆ. ಮೇಲೂ ಕೆಳಗೂ ಸಂದು ಬಿಡುತ್ತಾರೆ. ಚರ್ಚಿನ ಗಾಳಿ ಮೂಲ ಗಾಜಿನ ಎರಡೂ ಕಡೆ ಆಡುತ್ತದೆ. ತಣ್ಣಗಿರುವುದು ಹೊರಗಿನ ಹೊಸ ಗಾಜು, ಹಾಗಾಗಿ ನೀರು ಅದರ ಮೇಲೆ ಇಳಿಯುತ್ತದೆ. ಮುಖಗಳು ಒಣಗಿರುತ್ತವೆ. ಖರ್ಚು ದೊಡ್ಡದು. ಹೊರಗಿನಿಂದ ಕಿಟಕಿಯ ನೋಟ ಬದಲಾಗುತ್ತದೆ, ಅಂಚಿನಲ್ಲಿ ಬೆಳಕು ಸೋರದಂತೆ ಎಚ್ಚರ ಬೇಕು. ಎಲ್ಲ ಕಿಟಕಿಗೂ ಇದನ್ನು ನಾನು ಹೇಳುವುದಿಲ್ಲ. ಆದರೆ ಬಿಳಿಗಾರದ ಬಣ್ಣಕ್ಕೆ ನೀರೇ ಶತ್ರು. ಉಬ್ಬಿದ ಭಾಗವನ್ನು ಹೇಗೂ ಬಿಚ್ಚುತ್ತೀರಿ. ಹಣ ಹೊಂದುವುದಾದರೆ ಅದೇ ಹೊತ್ತಿಗೆ ಇದನ್ನೂ ಮಾಡಿಸಿ. ಹಣ ಇಲ್ಲದಿದ್ದರೆ ಹೀಟರ್ ಬದಲಾಯಿಸುವುದೇ ಮೊದಲು, ಇದು ಆಮೇಲೆ.

ನಿಮ್ಮದು ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದ್ದಾದರೆ ಈ ದುರಸ್ತಿಗೆ ಧರ್ಮಪ್ರಾಂತ್ಯದಿಂದ ಫ್ಯಾಕಲ್ಟಿ ಎಂಬ ಅನುಮತಿ ಬೇಕು. ಅಲ್ಲಿನ ಸಲಹಾ ಸಮಿತಿಯನ್ನು ಮೊದಲೇ ಕೇಳಿದರೆ ಅವರೇ ದಾರಿ ತೋರಿಸುತ್ತಾರೆ. ಐದು ವರ್ಷಕ್ಕೊಮ್ಮೆ ಕಟ್ಟಡ ನೋಡಲು ಬರುವ ವಾಸ್ತುಶಿಲ್ಪಿಗೂ ತಿಳಿಸಿ. ಕೆಲಸ ಮಾಡುವವರು ಬ್ರಿಟನ್ನಿನ ಸಂರಕ್ಷಕರ ಸಂಸ್ಥೆಯಾದ ಐಕಾನ್‌ನ ಮಾನ್ಯತೆ ಪಡೆದ ಗಾಜಿನ ಸಂರಕ್ಷಕರೇ ಎಂದು ನೋಡಿಕೊಳ್ಳಿ.

"ವಿಕ್ಟೋರಿಯಾ ಕಾಲದ್ದು ತಾನೇ, ಎಲ್ಲ ಕಡೆ ಇದೆ" ಎಂದು ಸಮಿತಿಯಲ್ಲಿ ಯಾರಾದರೂ ಅಂದರೆ ಬರ್ಮಿಂಗ್‌ಹ್ಯಾಮಿಗೆ ಕರೆದೊಯ್ಯಿರಿ, ನಿಮಗೆ ದೂರವಿಲ್ಲ. ಸೇಂಟ್ ಫಿಲಿಪ್ ಕೆಥೀಡ್ರಲ್‌ನಲ್ಲಿ ಎಡ್ವರ್ಡ್ ಬರ್ನ್-ಜೋನ್ಸ್ ನಕ್ಷೆ ಬರೆದು, ಮಾರಿಸ್ ಕಂಪನಿ ಮಾಡಿದ ನಾಲ್ಕು ಕಿಟಕಿಗಳಿವೆ. ಕ್ರಿಸ್ತನ ಸ್ವರ್ಗಾರೋಹಣ 1885ರದ್ದು, ಜನನ ಮತ್ತು ಶಿಲುಬೆಯ ದೃಶ್ಯಗಳು 1887ರವು, ಕಡೆಯ ತೀರ್ಪು 1897ರದ್ದು. 1940ರ ನವೆಂಬರಿನಲ್ಲಿ ಬಾಂಬಿಗೆ ಆ ಕಟ್ಟಡದ ಒಳಭಾಗ ಸುಟ್ಟುಹೋಯಿತು. ಕಿಟಕಿಗಳನ್ನು ಮುಂಚೆಯೇ ಬಿಚ್ಚಿ ಬೇರೆಡೆ ಇಟ್ಟಿದ್ದರಿಂದ ಉಳಿದವು. ಬಾಂಬ್ ಬೀಳುವ ಕಾಲದಲ್ಲೂ ಇವು ಕಾಪಾಡಬೇಕಾದವು ಎಂದು ಆ ಊರಿನವರಿಗೆ ಅನಿಸಿತ್ತು. ರಜೆಗೆ ಭಾರತಕ್ಕೆ ಹೋದಾಗ ಸಾಧ್ಯವಾದರೆ ಕೋಲ್ಕತ್ತಾದ ಸೇಂಟ್ ಪಾಲ್ ಕೆಥೀಡ್ರಲ್ಲಿನ ಪಶ್ಚಿಮದ ಕಿಟಕಿಯನ್ನೂ ನೋಡಿ. 1880ರ ಅದೂ ಬರ್ನ್-ಜೋನ್ಸ್ ನಕ್ಷೆಯೇ. ಅಂಡಮಾನಿನಲ್ಲಿ 1872ರಲ್ಲಿ ಕೊಲೆಯಾದ ವೈಸ್‌ರಾಯ್ ಲಾರ್ಡ್ ಮೇಯೋ ನೆನಪಿಗೆ ಮಾಡಿಸಿದ್ದು.

ಅನುಮತಿ, ಹಣ ಎಲ್ಲಕ್ಕೂ ತಿಂಗಳುಗಳು ಬೇಕು. ಈ ಶನಿವಾರವೇ ಮಾಡಬಹುದಾದ ಎರಡು ಕೆಲಸ ಇವೆ. ಮೋಡ ಕವಿದ ಹೊತ್ತಿನಲ್ಲಿ, ಒಳಗಿನ ದೀಪ ಆರಿಸಿ, ಪ್ರತಿ ಮುಖದ ಫೋಟೋ ತೆಗೆಯಿರಿ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಡಿ, ದಿನಾಂಕ ಬರೆದಿಡಿ. ಇನ್ನೊಂದು, ಕಿಟಕಿಯ ಕೆಳಗಿನ ಕಲ್ಲಿನ ಅಂಚಿನಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ, ಅವನ್ನು ಹುಡುಕಿ. ನಿಮ್ಮ ಫೋಟೋದಲ್ಲಿ ಒಂದು ಕಾಣುತ್ತದೆ, ಗೋಡೆಗೆ ಹಚ್ಚಿದ ಬಿಳಿ ಬಣ್ಣ ಅದರ ಬಾಯಿ ಮುಚ್ಚಿದೆ. ಮರದ ಕಡ್ಡಿಯಿಂದ ಗಾಜಿಗೆ ತಾಗದಂತೆ ನಿಧಾನವಾಗಿ ಬಿಡಿಸಿ. ನೀರು ಹೊರಗೆ ಹೋಗುತ್ತಿದೆಯೇ ಎಂದು ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನೋಡಿ, ನನಗೆ ಬರೆಯಿರಿ.